“ಮನೆಗೆ ಹೋಗೋಣ” ಅಂದಾಗ ಏನು ಹೇಳಬೇಕು?

ಸಂಜೆ 6 ಗಂಟೆ. 30 ವರ್ಷದಿಂದ ಬಾಳಿದ ಮನೆಯ ಹಾಲ್‌ನಲ್ಲೇ ನಿಂತು ನಿಮ್ಮವರು “ಹೊತ್ತಾಯ್ತು, ಮನೆಗೆ ಹೋಗೋಣ ನಡಿ” ಅನ್ನುತ್ತಾರೆ. “ಇದೇ ರೀ ನಮ್ಮನೆ” ಅನ್ನುತ್ತೀರಿ. “ಅಲ್ಲ” ಅನ್ನುತ್ತಾರೆ. ಐದು ನಿಮಿಷದಲ್ಲಿ ಇಬ್ಬರ ದನಿಯೂ ಏರಿರುತ್ತದೆ.

ಡಿಮೆನ್ಷಿಯಾ, ಅಂದರೆ ನೆನಪು, ಯೋಚಿಸುವ ಶಕ್ತಿ ಕುಂದುತ್ತಾ ಹೋಗುವ ತೊಂದರೆ, ಇರುವ ಗಂಡನನ್ನೋ ಹೆಂಡತಿಯನ್ನೋ ಮನೆಯಲ್ಲಿ ನೋಡಿಕೊಳ್ಳುವವರು ಮೊದಲು ಬಿಡಬೇಕಾದ್ದು ಈ ವಾದವನ್ನು. ಅವರು ಬೇಕಂತ ಹಟ ಮಾಡುತ್ತಿಲ್ಲ. ಡಿಮೆನ್ಷಿಯಾಕ್ಕೆ ಹೆಚ್ಚಾಗಿ ಕಾರಣವಾಗುವ ಅಲ್ಝೈಮರ್ ಕಾಯಿಲೆಯಲ್ಲಿ ಹೊಸ ನೆನಪನ್ನು ಕೂಡಿಡುವ ಮಿದುಳಿನ ಭಾಗ ಬೇಗ ಸೊರಗುತ್ತದೆ. ಅದಕ್ಕೇ ಬೆಳಿಗ್ಗೆ ತಿಂದಿದ್ದು ನೆನಪಿರುವುದಿಲ್ಲ, ಚಿಕ್ಕಂದಿನ ಮನೆ ಕಣ್ಣಿಗೆ ಕಟ್ಟಿದ ಹಾಗಿರುತ್ತದೆ. ಬಹುಶಃ ಅವರು ಕೇಳುತ್ತಿರುವುದು ಆ ಮನೆಯನ್ನು, ಇಲ್ಲವೇ ಸ್ವಲ್ಪ ಧೈರ್ಯವನ್ನು. “ಆ ಮನೇಲಿ ಯಾರ್ಯಾರು ಇದ್ರು?” ಎಂದು ಕೇಳಿ. ಕೈ ಹಿಡಿದು ಎರಡು ಸುತ್ತು ನಡೆಯಿರಿ. ಸಂಜೆ ಹೊತ್ತಿನ ಗಲಿಬಿಲಿ ಈ ಕಾಯಿಲೆಯಲ್ಲಿ ಸಾಮಾನ್ಯ. ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಆರಿಸಿ.

ಡಾಕ್ಟರ್ ಹತ್ತಿರ. ಇನ್ನೂ ತೋರಿಸಿಲ್ಲದಿದ್ದರೆ ಈಗಲೇ ತೋರಿಸಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಅವರು ನುಂಗುವ ಮಾತ್ರೆಗಳನ್ನೆಲ್ಲ ತೆಗೆದುಕೊಂಡು ಹೋಗಿ. ಅಲರ್ಜಿಗೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳು ಗೊಂದಲವನ್ನು ಜಾಸ್ತಿ ಮಾಡುತ್ತವೆ.

ಮನೆಯೊಳಗೆ. ಬಾಗಿಲ ಬಳಿ ಕಪ್ಪು ಕಾಲೊರಸು ಇದ್ದರೆ ತೆಗೆಯಿರಿ, ಅವರ ಕಣ್ಣಿಗೆ ಅದು ಗುಂಡಿಯಂತೆ ಕಾಣಬಹುದು. ರಾತ್ರಿ ಟಾಯ್ಲೆಟ್ ದೀಪ ಉರಿಯಲಿ, ಬಾಗಿಲು ತೆರೆದಿರಲಿ. ಅವರ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ.

ಸ್ನಾನ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಕೆಲಸ ಇದೇ. ಅವರ ಕಡೆಯಿಂದ ಯೋಚಿಸಿ. ಯಾರೋ ಬಟ್ಟೆ ಬಿಚ್ಚುತ್ತಾರೆ, ಚಳಿ, ಇದ್ದಕ್ಕಿದ್ದಂತೆ ತಲೆ ಮೇಲೆ ನೀರು. ಯಾರಿಗಾದರೂ ಭಯ ಆಗುತ್ತೆ ಅಲ್ವಾ? “ಸ್ನಾನ ಮಾಡ್ತೀರಾ?” ಎಂದು ಕೇಳಿದರೆ “ಬೇಡ” ಅಂತಲೇ ಉತ್ತರ ಬರುತ್ತದೆ. “ನೀರು ಬೆಚ್ಚಗಿದೆ, ಬನ್ನಿ” ಅನ್ನಿ. ಟವೆಲ್, ಸೋಪು, ಉಡುವ ಬಟ್ಟೆ ಮೊದಲೇ ಕೈಗೆಟುಕುವಂತೆ ಇರಲಿ, ನಡುವೆ ಅವರೊಬ್ಬರನ್ನೇ ಬಿಟ್ಟು ಹೋಗಬಾರದು. ಗಟ್ಟಿಯಾದ, ಜಾರದ ಸ್ಟೂಲ್ ಮೇಲೆ ಕೂರಿಸಿ, ಮೈಮೇಲೆ ಒಂದು ಟವೆಲ್ ಹೊದಿಸಿ. ಒದ್ದೆಯಾದರೂ ಪರವಾಗಿಲ್ಲ, ಮೈ ಮುಚ್ಚಿದ್ದರೆ ಅವರಿಗೆ ಸಮಾಧಾನ. ನೀರಿನ ಬಿಸಿಯನ್ನು ನಿಮ್ಮ ಮೊಣಕೈಯಿಂದ ನೋಡಿ. ಪಾದದಿಂದ ಶುರುಮಾಡಿ ನಿಧಾನಕ್ಕೆ ಮೇಲೆ ಬನ್ನಿ. ತಲೆಗೆ ಕೊನೆಯಲ್ಲಿ, ಇಲ್ಲವೇ ಇನ್ನೊಂದು ದಿನ. ಸೋಪು ಹಚ್ಚಿದ ಬಟ್ಟೆಯನ್ನು ಅವರ ಕೈಗೇ ಕೊಡಿ. ಎಷ್ಟೋ ಸಲ ಕೈ ತಾನಾಗಿ ತೋಳು ಉಜ್ಜಲು ಶುರುಮಾಡುತ್ತದೆ, ರೂಢಿಯ ಕೆಲಸಗಳ ನೆನಪು ಅಷ್ಟು ಬೇಗ ಹೋಗುವುದಿಲ್ಲ. ತೀರಾ ಒಲ್ಲೆ ಅಂದರೆ ಅವತ್ತಿಗೆ ಬಿಡಿ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು.

ಊಟ. ನೆಟ್ಟಗೆ ಕೂರಿಸಿ ಚಿಕ್ಕ ತುತ್ತು ಕೊಡಿ. ಒಂದು ನುಂಗಿದ ಮೇಲೆ ಇನ್ನೊಂದು. ತಿನ್ನುವಾಗ ಪದೇ ಪದೇ ಕೆಮ್ಮು ಬಂದರೆ ಡಾಕ್ಟರಿಗೆ ಹೇಳಲೇಬೇಕು.

ಇದ್ದಕ್ಕಿದ್ದಂತೆ ಬದಲಾದರೆ. ನಿನ್ನೆ ಸರಿಯಿದ್ದವರು ಇವತ್ತು ಏನೇನೋ ಮಾತಾಡುತ್ತಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕಾಯಿಲೆ ಬೆಳೆಯಿತು ಅಂತ ಸುಮ್ಮನಿರಬೇಡಿ. ಮೂತ್ರದ ಸೋಂಕು, ನೀರು ಸಾಲದಿರುವುದು, ಮಲಬದ್ಧತೆ, ಹೊಸ ಮಾತ್ರೆ, ಇದರಲ್ಲಿ ಯಾವುದಾದರೂ ಕಾರಣ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ.

ಇನ್ನು ನೀವು. ಒಂದಲ್ಲ ಒಂದು ದಿನ ರೇಗುತ್ತೀರಿ, ಆಮೇಲೆ ಅಳು ಬರುತ್ತದೆ. ಪ್ರೀತಿ ಕಮ್ಮಿಯಾಗಿ ಅಲ್ಲ, ನಿದ್ದೆ ಇಲ್ಲದೆ. ಮಕ್ಕಳ ಹತ್ತಿರ “ಸ್ವಲ್ಪ ನೋಡಿಕೊಳ್ಳಿ” ಅಂದರೆ ಯಾರಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ದಿನ, ಹೊತ್ತು ಎರಡನ್ನೂ ಹೇಳಿ ಕೇಳಿ: “ಬುಧವಾರ ಮಧ್ಯಾಹ್ನ 2ರಿಂದ 4ರವರೆಗೆ ಅಪ್ಪನ ಜೊತೆ ಕೂತಿರ್ತೀಯಾ?” ಆ ಎರಡು ಗಂಟೆಯಲ್ಲಿ ಮನೆಗೆಲಸ ಮಾಡಬೇಡಿ. ಬಾಗಿಲು ಹಾಕಿಕೊಂಡು ಮಲಗಿ.