ಜಿಪ್ಸಿಗೆ ಹೊಸ ಕಾರ್ಬೊರೇಟರ್ ಹಾಕಿದೆ, ಬಿಚ್ಚಿದೆ, ಹಳೆಯದನ್ನೇ ರೆಡಿ ಮಾಡಿದೆ

"ಹಳೇದನ್ನ ಗುಜರಿಗೆ ಹಾಕಿ ಮಾರಾಯ್ರೇ, ಅದು ಇನ್ನು ಆಗುವ ಮಾತಲ್ಲ" ಅಂತ ಹೇಳದ ಮೆಕ್ಯಾನಿಕ್ ಇರಲಿಲ್ಲ. ಈಗ ಒಂದು ಮಳೆಗಾಲ ಪೂರ್ತಿ ಕಳೆದಿದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಅದೇ ಹಳೇ ಕಾರ್ಬೊರೇಟರ್‌ನಲ್ಲಿ ಗಾಡಿ ಬೆಳಿಗ್ಗೆ ಒಂದೇ ಸೆಲ್ಫ್ ಸ್ಟಾರ್ಟಿಗೆ ಶುರುವಾಗುತ್ತದೆ, ಸ್ಲೋ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವ ವೇಗ) ಕುಣಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮಾರುತಿ ಜಿಪ್ಸಿ, ಎಂಜಿ 410 ಮಾಡೆಲ್. ಅದೇ 970 ಸಿಸಿ, 45 ಎಚ್‌ಪಿ ಇಂಜಿನ್, 1996ರಲ್ಲಿ 1.3 ಲೀಟರ್ ಇಂಜಿನ್ ಬರುವ ಮುಂಚಿನ ಗಾಡಿ. ಸಕಲೇಶಪುರದ ಕಡೆ ತೋಟದ ಕೆಲಸಕ್ಕೆ ಓಡುತ್ತದೆ. ಇರುವುದೇ ಅಷ್ಟು ಪವರ್. ಕಾರ್ಬೊರೇಟರ್ ಸ್ವಲ್ಪ ಕೈಕೊಟ್ಟರೂ ಲೋ ಗೇರ್ ಹಾಕಿಯೂ ಏರಿ ಹತ್ತುವುದಿಲ್ಲ, ಇಟ್ಟುಕೊಂಡವರಿಗೆ ಗೊತ್ತೇ ಇದೆ.

ಮೊದಲು ಎಲ್ಲರೂ ಮಾಡುವ ಹಾಗೆ ರಿಪೇರಿ ಕಿಟ್ ಹಾಕಿಸಿದೆ. ಎಂಟುನೂರೋ ಒಂಬೈನೂರೋ ಆಯಿತು. ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಪಿಕಪ್ ಹೋಯಿತು. ಬಿಚ್ಚಿ ನೋಡಿದರೆ ಕಾರ್ಬೊರೇಟರ್ ಒಳಗಿನ ಪಂಪ್ ರಬ್ಬರ್ ಉಬ್ಬಿ ಮೆತ್ತಗಾಗಿತ್ತು. 2023ರಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ (ಶೇ. 20 ಎಥೆನಾಲ್ ಬೆರೆಸಿದ್ದು) ಬಿಡುಗಡೆ ಆಯಿತಲ್ಲ, ಈಗ ಬಂಕಿನಲ್ಲಿ ಬೇರೆ ಸಿಗುವುದೇ ಕಷ್ಟ. ಎಥೆನಾಲ್ ನೀರು ಹೀರುತ್ತದೆ, ಹಳೇ ಜಾತಿಯ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಜೋರು ಮಳೆಯಲ್ಲಿ ಹತ್ತು ಹದಿನೈದು ದಿನ ಶೆಡ್ಡಿನಲ್ಲಿ ನಿಂತ ಗಾಡಿಯ ಚೇಂಬರ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ತೆಗೆದು ನೋಡಿ, ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ.

ಮೈಲೇಜ್ ಏಳಕ್ಕೆ ಇಳಿದಾಗ ಎಲ್ಲರ ಮಾತು ಕೇಳಿ ಹೊಸದು ತರಿಸಿದೆ. ಒರಿಜಿನಲ್ ಎಲ್ಲಿ ಸಿಗುತ್ತದೆ? ಕಾಪಿ ಮಾಲು. ಆರೂವರೆ ಸಾವಿರದ ಹತ್ತಿರ, ಫಿಟ್ಟಿಂಗ್ ಬೇರೆ. ನೋಡಲು ಫಳಫಳ. ಊರೊಳಗೆ ಸುಮ್ನೆ ಓಡಿಸಿದರೆ ಏನೂ ತೊಂದರೆ ಇಲ್ಲ. ಗಾಡಿ ಒಂದು ಕಡೆ ವಾಲಿಕೊಂಡು ಏರಿ ಹತ್ತುವಾಗ ಮಾತ್ರ ಪೆಟ್ರೋಲ್ ಉಕ್ಕಿ ಆಫ್ ಆಗುತ್ತಿತ್ತು, ಪ್ಲಗ್ ತೆಗೆದರೆ ಮಸಿ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್ ಮೇಲೆ ನಂಬರೇ ಇಲ್ಲ, ಸಣ್ಣದು ಹಾಕೋಣ ಅಂದರೆ ಯಾವುದಕ್ಕಿಂತ ಸಣ್ಣದು? ಬೆಂಗಳೂರಿನ ಜೆ.ಸಿ. ರಸ್ತೆಯಿಂದ ನಾಲ್ಕು ಜೊತೆ ಜೆಟ್ ತಂದು ಪ್ರಯೋಗ ಮಾಡಿದೆ. ಇನ್ನೂ ಸಾವಿರದ ಐನೂರು ಹೋಯಿತು, ಉಕ್ಕುವುದು ನಿಲ್ಲಲಿಲ್ಲ. ಒಬ್ಬರು ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ಮಾಡಿಸಿ ಅಂದರು, ಎಪ್ಪತ್ತು ಎಂಬತ್ತು ಸಾವಿರದ ಲೆಕ್ಕ. ಹಳ್ಳ ದಾಟುವ ಗಾಡಿಗೆ ಅಷ್ಟೊಂದು ವೈರಿಂಗ್ ನನಗೆ ಬೇಡ.

ಆಗ ಚೀಲದಲ್ಲಿ ಕಟ್ಟಿಟ್ಟಿದ್ದ ಹಳೆಯದನ್ನು ಮತ್ತೆ ಕೂರಿಸಿದೆ. ಇಂಜಿನ್ ಸ್ಲೋನಲ್ಲಿ ಬಿಟ್ಟು, ಗಾಳಿಯ ದಾರಿ ತೆರೆದು ಮುಚ್ಚುವ ಬಟರ್‌ಫ್ಲೈ ತಗಡು ಕೂತಿರುವ ಥ್ರಾಟಲ್ ಶಾಫ್ಟ್‌ನ ಎರಡೂ ತುದಿಗೆ ಕ್ಲೀನರ್ ಸ್ಪ್ರೇ ಹೊಡೆದೆ. ತಕ್ಷಣ ಆರ್‌ಪಿಎಂ ಬದಲಾಯಿತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಲಟಲಟ. ಅಲ್ಲಿಂದ ಗಾಳಿ ಎಳೆಯುತ್ತಿರುವಾಗ ಎಷ್ಟು ಕಿಟ್ ಹಾಕಿದರೇನು, ಸ್ಲೋ ಹೇಗೆ ನಿಲ್ಲಬೇಕು? ಇಷ್ಟು ಜನ ನೋಡಿದರು, ಒಬ್ಬರೂ ಅದನ್ನು ಕೈಯಲ್ಲಿ ಮುಟ್ಟಿ ನೋಡಿರಲಿಲ್ಲ.

ಹಾಸನದ ಒಂದು ಲೇತ್‌ಗೆ ಹೋದೆ. "ಇದು ಮೆದು ಲೋಹ ಸಾರ್, ಹಿಡಿದರೆ ಒಡೆಯುತ್ತೆ" ಅಂತ ಅವರು ಮೊದಲು ಒಪ್ಪಲಿಲ್ಲ. ಬಾಡಿ ಕೂರಲು ಒಂದು ಮರದ ಅಚ್ಚು ನಾನೇ ಮಾಡಿಕೊಟ್ಟೆ. ಶಾಫ್ಟ್ ತಿರುಗುವ ಸವೆದ ತೂತಿಗೆ ಬ್ರಾಂಜ್ ಬುಷ್ (ಬಳೆಯಂಥ ಕೊಳವೆ) ಹಾಕಿದರು. ಮೊದಲ ಬುಷ್ ಟೈಟ್ ಆಗಿ, ಇಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ವಾಪಸ್ ಬರುತ್ತಿರಲಿಲ್ಲ. ಎರಡನೇ ಸಲ ಕೂದಲೆಳೆ ಸಡಿಲ ಬಿಟ್ಟ ಮೇಲೆ ಸರಿಹೋಯಿತು. ಅವರಿಗೆ ಒಟ್ಟು ಸಾವಿರದ ಇನ್ನೂರರ ಆಸುಪಾಸು ಕೊಟ್ಟಿರಬೇಕು.

ಬಟರ್‌ಫ್ಲೈ ಸ್ಕ್ರೂಗಳ ಬಗ್ಗೆ ಒಂದು ಮಾತು. ಅವುಗಳ ಹಿಂದಿನ ತುದಿ ಬಡಿದು ಅಗಲ ಮಾಡಿರುತ್ತಾರೆ. ಅದನ್ನು ಮೊದಲು ಅರದಿಂದ ಉಜ್ಜಿ ಆಮೇಲೆ ಬಿಚ್ಚಿ, ಇಲ್ಲದಿದ್ದರೆ ಶಾಫ್ಟ್‌ನ ಥ್ರೆಡ್ ಹೋಗುತ್ತದೆ. ವಾಪಸ್ ಹಾಕುವಾಗ ಸ್ಕ್ರೂ ಅರ್ಧ ಬಿಗಿದು, ಥ್ರಾಟಲ್ ಮುಚ್ಚಿ, ಬಾಡಿಯನ್ನು ಬಿಸಿಲಿಗೆ ಹಿಡಿದು ಕೆಳಗಿನಿಂದ ನೋಡಬೇಕು. ಬಟರ್‌ಫ್ಲೈ ಸುತ್ತ ಒಂದು ಕಡೆ ಮಾತ್ರ ಬೆಳಕಿನ ಗೆರೆ ಕಂಡರೆ ಇನ್ನೂ ಸರಿಯಾಗಿ ಕೂತಿಲ್ಲ ಅಂತ ಅರ್ಥ. ನಾನು ಇದೊಂದಕ್ಕೇ ಅರ್ಧ ಮಧ್ಯಾಹ್ನ ಕಳೆದೆ. ಕಾರ್ಬೊರೇಟರ್ ಬುಡವೂ ಸೊಟ್ಟಗಾಗಿತ್ತು, ಯಾರೋ ಹಿಂದೆ ನಟ್ ಜಾಸ್ತಿ ಬಿಗಿದಿದ್ದರು. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ನಿಧಾನಕ್ಕೆ ಉಜ್ಜಿ ಸಮ ಮಾಡಿದೆ.

ಜೆಟ್‌ಗಳಿಗೆ ತಂತಿ ತೂರಿಸಲಿಲ್ಲ. ಹಿತ್ತಾಳೆ ತಾನೇ, ಹುಣಸೆಹುಳಿ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಬಿಸಿ ನೀರಲ್ಲಿ ತೊಳೆದು ಗಾಳಿ ಹೊಡೆದೆ. ಕ್ಲೀನರ್‌ಗೆ ಬಗ್ಗದ ಕೊಳೆಯೂ ಹೋಯಿತು. ಬಾಡಿಯನ್ನು ಮಾತ್ರ ಹುಳಿಗೆ ಹಾಕಬೇಡಿ, ತಿಂದುಬಿಡುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ತರುವ ಎಲೆಕ್ಟ್ರಿಕ್ ಪಂಪನ್ನೂ ಹಾಕಿ ನೋಡಿದೆ. ಪ್ರೆಶರ್ ಜಾಸ್ತಿಯಾಗಿ, ಚೇಂಬರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ನೀಡಲ್ ತಡೆಯುತ್ತಿರಲಿಲ್ಲ, ತೆಗೆದುಬಿಟ್ಟೆ.

ಇ20ಗೆ ತಡೆಯುವ ಪಂಪ್ ರಬ್ಬರ್ ಬೇರೊಂದು ಗಾಡಿಯದು ಕೂರುತ್ತದೆ. ಯಾವ ಗಾಡಿ ಅಂತ ಇಲ್ಲಿ ಬರೆಯುವುದಿಲ್ಲ. ಸಿಗುವುದೇ ನಾಲ್ಕಾರು, ನನಗೂ ಬೇಕಾಗುತ್ತದೆ. ಚೇಂಬರ್ ಗಾಜಿನ ಚುಕ್ಕೆಗೆ ಪೆಟ್ರೋಲ್ ಮಟ್ಟ ಸರಿಯಾಗಿ ನಿಲ್ಲಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ವಾಲುವ ದಾರಿಗೋಸ್ಕರ ಅದರಲ್ಲೂ ಸ್ವಲ್ಪ ವ್ಯತ್ಯಾಸ ಮಾಡಿದ್ದೇನೆ, ಆ ಲೆಕ್ಕವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಮೈಲೇಜ್ ಹನ್ನೊಂದರ ಹತ್ತಿರ. ಬಿಸಿಲೆ ಘಾಟಿಯಲ್ಲಿ ಕುಕ್ಕೆ ಕಡೆಯಿಂದ ಲೋಡ್ ಹಾಕಿಕೊಂಡು ಹತ್ತಿಸಿದೆ, ಎಲ್ಲೂ ಮಿಸ್ಸಿಂಗ್ ಇಲ್ಲ. ಹೊಸದಕ್ಕೆ ಖರ್ಚು ಮಾಡಿದ್ದರ ಅರ್ಧವೂ ಇದಕ್ಕೆ ಆಗಿಲ್ಲ. ನಿಮ್ಮ ಬಾಡಿಯೇ ಬಿರುಕು ಬಿಟ್ಟಿದ್ದರೆ ರಿಪೇರಿಗೆ ಕೈ ಹಾಕಬೇಡಿ. ಆದರೆ ಆಗಲೂ ಕಾಪಿ ಮಾಲಿಗೆ ದುಡ್ಡು ಸುರಿಯುವ ಮೊದಲು ಶಿವಾಜಿನಗರದ ಗುಜರಿಯಲ್ಲಿ ಒಂದು ಒರಿಜಿನಲ್ ಹುಡುಕಿ, ಶಾಫ್ಟ್ ಲಟಲಟ ಅಂದರೂ ಪರವಾಗಿಲ್ಲ, ತಂದು ಬುಷ್ ಹಾಕಿಸಿ.