ವಿಷ ಯಾವ ಚಾನೆಲ್ ಹಿಡಿದಿದೆ? ಗ್ರಾಫ್ ಬರೆದು ನೋಡಿ

ನನ್ನ ಪಿಯು ಮಕ್ಕಳು ವಿಷಗಳ ಹೆಸರು ಬಾಯಿಪಾಠ ಮಾಡಲು ಹೊರಟರೆ ನಾನು ಬಿಡುವುದಿಲ್ಲ. ಮೊದಲು ಪೆನ್ಸಿಲ್, ಗ್ರಾಫ್ ಹಾಳೆ ತೆಗೆಯಬೇಕು.

ನರಕೋಶದ ಒಂದೇ ಒಂದು ಸಂಕೇತ ಬರೆಯಿರಿ. ಅಡ್ಡಕ್ಕೆ ಸಮಯ, ಒಂದೆರಡು ಮಿಲಿಸೆಕೆಂಡ್ ಸಾಕು. ಉದ್ದಕ್ಕೆ ಮಿಲಿವೋಲ್ಟ್. ಗೆರೆ ಸುಮಾರು −70ರಲ್ಲಿ ಶುರುವಾಗಿ +30ರ ತನಕ ಸರ್ರನೆ ಏರಲಿ, ಹಾಗೇ ಇಳಿಯಲಿ. ಏರುವ ಕಡೆ ‘ಸೋಡಿಯಂ ಒಳಗೆ’ ಎಂದು ಬರೆಯಿರಿ. ತುದಿಯಲ್ಲಿ ‘ಸೋಡಿಯಂ ಚಾನೆಲ್ ಬಂದ್’ (ಚಾನೆಲ್ ಎಂದರೆ ಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂನಂಥ ಅಯಾನ್, ಅಂದರೆ ವಿದ್ಯುದಾವೇಶವಿರುವ ಕಣ, ದಾಟುವ ಬಾಗಿಲು). ಇಳಿಯುವ ಕಡೆ ‘ಪೊಟ್ಯಾಸಿಯಂ ಹೊರಗೆ’. ತುದಿಯ ಮಾತನ್ನು ಮರೆಯುವವರೇ ಜಾಸ್ತಿ. ಅದನ್ನೇ ಕೆಡಿಸುವ ವಿಷಗಳೂ ಇವೆ, ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ.

ಈಗ ಇದರ ಮೇಲೆ ಬೇರೆ ಬಣ್ಣದಲ್ಲಿ ವಿಷ ಬರೆಯಿರಿ.

ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್ ಸುಲಭ. ಸೋಡಿಯಂ ಚಾನೆಲ್‌ನ ಹೊರಬಾಯಿಗೆ ಬಿರಡೆಯಂತೆ ಕೂರುತ್ತದೆ. ಗೆರೆ ಏಳುವುದೇ ಇಲ್ಲ. ತುಟಿ ಜೋಮು, ಕೈಕಾಲು ಸಡಿಲ, ಜಾಸ್ತಿಯಾದರೆ ಉಸಿರಾಟವೇ ನಿಲ್ಲುತ್ತದೆ. ಆಗಲೂ ಹೃದಯ ಬಡಿಯುತ್ತಿರಬಹುದು, ಯಾಕೆ? ಹೃದಯದ ಸೋಡಿಯಂ ಚಾನೆಲ್‌ನಲ್ಲಿ ವಿಷ ಕೂರುವ ಜಾಗದ ಒಂದು ಅಮೈನೋ ಆಮ್ಲ ಬೇರೆ. ಅಲ್ಲಿ ವಿಷದ ಹಿಡಿತ ಸಡಿಲ.

ನಮ್ಮ ಕಡೆಯ ಕೆಂಪು ಚೇಳಿಗೆ ಹೊತ್ತು ಕೊಡಿ. ಅದರ ವಿಷ ಸೋಡಿಯಂ ಚಾನೆಲ್ ಬೇಗ ಮುಚ್ಚದ ಹಾಗೆ ಮಾಡುತ್ತದೆ. ಅದರಲ್ಲೇ ಇರುವ ಐಬೀರಿಯೊಟಾಕ್ಸಿನ್ ಒಂದು ಬಗೆಯ ಪೊಟ್ಯಾಸಿಯಂ ಚಾನೆಲ್ ಮುಚ್ಚಿಬಿಡುತ್ತದೆ. ಎರಡರಿಂದಲೂ ಗೆರೆ ಅಗಲವಾಗುತ್ತದೆ. ಸಂಕೇತ ನಿಲ್ಲದಿದ್ದರೆ ನರದ ತುದಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಯುತ್ತಲೇ ಇರುತ್ತದೆ. ಬೆವರು, ತಣ್ಣಗಾದ ಕೈಕಾಲು, ಏರಿದ ಬಿಪಿ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಜೋಸಿನ್ ಕೊಟ್ಟು ಎಷ್ಟೋ ಜೀವ ಉಳಿಸಿದರು. ಆ ಔಷಧಿಯನ್ನು ಗ್ರಾಫಿನಲ್ಲಿ ಎಲ್ಲಿ ಬರೆಯುತ್ತೀರಿ? ಎಲ್ಲೂ ಇಲ್ಲ! ಅದು ಚಾನೆಲ್ ಮುಟ್ಟುವುದಿಲ್ಲ. ನಾರ್‌ಅಡ್ರಿನಲಿನ್ ರಕ್ತನಾಳವನ್ನು ಬಿಗಿಯದಂತೆ ತಡೆಯುತ್ತದೆ, ಅಷ್ಟೇ.

ಕೊನೆಗೆ ನಾಗರಹಾವು. ಮಕ್ಕಳು ಸುಮ್ನೆ ನರದ ಗೆರೆಯನ್ನೇ ತಿದ್ದುತ್ತಾರೆ. ತಿದ್ದಬೇಡಿ, ಅದು ಸರಿಯಾಗೇ ಇದೆ. ಪಕ್ಕದಲ್ಲಿ ಸ್ನಾಯುವಿಗೆ ಇನ್ನೊಂದು ಗ್ರಾಫ್ ಹಾಕಿ. ನರದ ಸಂದೇಶವನ್ನು ಸ್ನಾಯುವಿಗೆ ಮುಟ್ಟಿಸುವ ರಾಸಾಯನಿಕ ಅಸಿಟೈಲ್‌ಕೋಲಿನ್; ಅದು ಬಂದು ಕೂರುವ ಗ್ರಾಹಕವೂ ಒಂದು ಅಯಾನ್ ಚಾನೆಲ್ಲೇ ಅಲ್ವಾ? ನಾಗರಹಾವಿನ ನರವಿಷ ಆ ಗ್ರಾಹಕದ ಮೇಲೆ ಕೂರುತ್ತದೆ, ಸ್ನಾಯುವಿನ ಗೆರೆ ಮಲಗುತ್ತದೆ. ಆಸ್ಪತ್ರೆಯಲ್ಲಿ ಪ್ರತಿವಿಷದ ಜೊತೆ ನಿಯೋಸ್ಟಿಗ್ಮಿನ್ ಎಂಬ ಔಷಧಿ ಕೊಡುವುದೂ ಇದಕ್ಕೇ: ಅದರಿಂದ ಅಸಿಟೈಲ್‌ಕೋಲಿನ್ ಕರಗದೆ ಜಾಸ್ತಿ ಉಳಿದು ಆ ಜಾಗಕ್ಕೆ ವಿಷದ ಜೊತೆ ಪೈಪೋಟಿಗೆ ನಿಲ್ಲುತ್ತದೆ.