ತೇಕಡಿಯಿಂದ ಆಲಪ್ಪುಳಕ್ಕೆ: ಅರ್ಧ ದಾರಿ ಬಸ್ಸು, ಅರ್ಧ ದಾರಿ ಬೋಟು

ತೇಕಡಿ ನೋಡಿ ಆಲಪ್ಪುಳಕ್ಕೆ ಹೋಗೋರು ಸಾಮಾನ್ಯವಾಗಿ ಟ್ಯಾಕ್ಸಿ ಹಿಡಿಯುತ್ತಾರೆ. ನಾನು ಅಮ್ಮನನ್ನು ಕರೆದುಕೊಂಡು ಡಿಸೆಂಬರ್‌ನಲ್ಲಿ ಹೋದಾಗ ತೇಕಡಿ ಪಕ್ಕದ ಊರಾದ ಕುಮಳಿಯಿಂದ ಕೋಟ್ಟಯಂವರೆಗೆ ಸರ್ಕಾರಿ ಬಸ್ಸು, ಅಲ್ಲಿಂದ ಸರ್ಕಾರಿ ಬೋಟು ಹಿಡಿದೆ. ಹೊತ್ತು ಜಾಸ್ತಿ ಹಿಡಿಯಿತು. ಆದರೆ ಆ ಪ್ರವಾಸದಲ್ಲಿ ನಮಗೆ ಹೆಚ್ಚು ನೆನಪಿರುವುದು ಆ ಒಂದು ದಿನವೇ.

ಕುಮಳಿಯಿಂದ ಕೋಟ್ಟಯಂಗೆ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಬಸ್ಸಿಗೆ ಸುಮಾರು 4 ಗಂಟೆ. ವಂಡಿಪೆರಿಯಾರ್, ಪೀರಮೇಡುವರೆಗೆ ಚಹಾ ತೋಟ. ಕುಟ್ಟಿಕ್ಕಾನಂ ದಾಟಿದ ಮೇಲೆ ಘಾಟಿ ಇಳಿಯುತ್ತದೆ. ರಸ್ತೆ ಪಕ್ಕದಲ್ಲೇ ವಳಂಜಂಗಾನಂ ಜಲಪಾತ. ಮುಂಡಕ್ಕಯಂ ಬರುವಷ್ಟರಲ್ಲಿ ಚಳಿ ಹೋಗಿ, ಬೆವರು ಶುರುವಾಗಿ, ಎರಡೂ ಕಡೆ ರಬ್ಬರ್ ಮರ. ತಿರುವುಗಳು ಬಹಳ. ಹೊಟ್ಟೆ ತೊಳೆಸುವವರು ಬೆಳಿಗ್ಗೆ ಹಗುರವಾಗಿ ತಿಂದು ಹೊರಡಿ.

ನಾನು ಮಾಡಿದ ತಪ್ಪು, ತಡವಾಗಿ ಹೊರಟಿದ್ದು. ಬೋಟು ದಿನಕ್ಕೆ ಕೆಲವೇ ಸಲ ಇರುತ್ತದೆ. ನಾವು ಆಟೋದಲ್ಲಿ ಕೋಟ್ಟಯಂನ ಬೋಟು ನಿಲ್ದಾಣವಾದ ಕೋಡಿಮತ ಜೆಟ್ಟಿ ಮುಟ್ಟುವಾಗ ಒಂದು ಬೋಟು ಹೋಗಿಯಾಗಿತ್ತು. ಮುಂದಿನದಕ್ಕೆ ಒಂದೂವರೆ ಗಂಟೆ ಕಾದೆವು. ಹಿಂದಿನ ದಿನವೇ ಸಮಯ ವಿಚಾರಿಸಿಕೊಳ್ಳಿ. ಇನ್ನೊಂದು ಮಾತನ್ನೂ ಕೇಳಿ: ಬೋಟು ಕೋಡಿಮತದಿಂದಲೇ ಹೊರಡುತ್ತದಾ ಅಂತ. ಕಾಲುವೆಯಲ್ಲಿ ನೀರುಕಳೆ ದಟ್ಟವಾದಾಗ ಅಥವಾ ಸೇತುವೆ ಕೆಟ್ಟಾಗ, ಮುಂದಿನ ಕಾಂಞಿರಂ ಜೆಟ್ಟಿಯಿಂದ ಹೊರಡುವುದೂ ಉಂಟು.

ಟಿಕೆಟ್ಟು ಒಬ್ಬರಿಗೆ 30 ರೂಪಾಯಿ ಆಸುಪಾಸು. ಸುಮಾರು ಎರಡೂವರೆ ಗಂಟೆಯ ಪಯಣ. ಕೇರಳ ಜಲಸಾರಿಗೆ ಇಲಾಖೆಯ ಬೋಟು ಇದು. ಊರಿನವರಿಗೆ ಇದೇ ಬಸ್ಸು. ಸ್ಕೂಲ್ ಬ್ಯಾಗು, ಅಕ್ಕಿ ಚೀಲ, ಕೊಡೆ, ಎಲ್ಲವೂ ಹತ್ತುತ್ತವೆ. ಮುಂದುಗಡೆ ಚುಕ್ಕಾಣಿ ಹಿಡಿದವರನ್ನು ಸ್ರಾಂಕ್ ಅನ್ನುತ್ತಾರೆ. ಎಂಜಿನ್ ಅವರ ಕೈಯಲ್ಲಿಲ್ಲ, ಹಿಂದೆ ಡ್ರೈವರ್ ಹತ್ತಿರ ಇದೆ. ಸ್ರಾಂಕ್ ತಲೆ ಮೇಲಿನ ಹಗ್ಗ ಜಗ್ಗಿದರೆ ಹಿಂದೆ ಗಂಟೆ ಬಾರಿಸುತ್ತದೆ. ಡ್ರೈವರ್ ಆ ಸದ್ದು ಕೇಳಿಯೇ ಬೋಟನ್ನು ನಿಧಾನ ಮಾಡುತ್ತಾನೆ, ನಿಲ್ಲಿಸುತ್ತಾನೆ. ನಾನು ಅರ್ಧ ಗಂಟೆ ಅದನ್ನೇ ನೋಡುತ್ತ ಕೂತಿದ್ದೆ.

ಮೊದಲು ಸಣ್ಣ ಕಾಲುವೆ. ಅಡ್ಡಲಾಗಿ ನಡೆದಾಡುವ ಸೇತುವೆಗಳಿವೆ. ಬೋಟು ಬಂದಾಗ ದಡದಲ್ಲಿದ್ದವರು ಹಗ್ಗ ಎಳೆದು ಸೇತುವೆ ಎತ್ತುತ್ತಾರೆ. ಒಂದು ಕಡೆ ನೈಟಿ ಮೇಲೆ ಟವೆಲ್ ಹೊದ್ದ ಹೆಂಗಸೊಬ್ಬರು ಮನೆಯಿಂದ ಓಡಿ ಬಂದು, ಹಗ್ಗ ಜಗ್ಗಿ, ನಾವು ದಾಟಿದ ಮೇಲೆ ಇಳಿಸಿ ಒಳಗೆ ಹೋದರು.

ಆಮೇಲೆ ಕುಟ್ಟನಾಡಿನ ಗದ್ದೆಗಳು. ಕಾಯಲಿಗೆ, ಅಂದರೆ ಹಿನ್ನೀರಿಗೆ, ಒಡ್ಡು ಕಟ್ಟಿ, ನೀರನ್ನು ಪಂಪಿನಿಂದ ಹೊರಗೆ ಹಾಕಿ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುತ್ತಾರೆ. ಬೋಟಿನಲ್ಲಿ ಕೂತು ಗದ್ದೆಯನ್ನು ತಗ್ಗಿ ನೋಡಬೇಕು! ಎಳೆ ಪೈರು ಆಗಷ್ಟೇ ಎದ್ದಿತ್ತು. ಅಮ್ಮ ಮಂಡ್ಯ ಕಡೆಯವರು, ಗದ್ದೆಯಲ್ಲೇ ಬೆಳೆದವರು. ಎದ್ದು ನಿಂತುಬಿಟ್ಟರು. "ಕೆರೆ ಏರಿ ಕೆಳಗೆ ಗದ್ದೆ ನೋಡಿದ್ದೀನಿ ಕಣೋ. ಕೆರೆ ಒಳಗೇ ಗದ್ದೆ ನೋಡ್ತಿರೋದು ಇದೇ ಮೊದ್ಲು. ಏರಿ ಒಡೆದ್ರೆ ಇವ್ರ ಗತಿ ಏನು?" ಪಕ್ಕದಲ್ಲಿದ್ದ ಅಜ್ಜ ಕನ್ನಡ ಬಾರದಿದ್ದರೂ ಅಮ್ಮನ ಕೈಸನ್ನೆಯಲ್ಲೇ ಪ್ರಶ್ನೆ ಹಿಡಿದರು. ಎದೆಮಟ್ಟ ಕೈ ಇಟ್ಟು, 2018ರ ಪ್ರಳಯದಲ್ಲಿ ಮನೆಯೊಳಗೆ ಇಷ್ಟು ನೀರು ಅಂದರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕಾಲುವೆ ಮುಗಿದು ವೇಂಬನಾಡು ಕಾಯಲು ತೆರೆದುಕೊಂಡಾಗ ಗಾಳಿಯೇ ಬೇರೆ. ನೀರುಕಾಗೆಗಳು ಗೂಟಗಳ ಮೇಲೆ ರೆಕ್ಕೆ ಹರವಿ ಒಣಗಿಸುತ್ತಿದ್ದವು. ಮಧ್ಯಾಹ್ನದ ಬೋಟಾದರೆ ಬಲಗಡೆ ಕೂರಿ, ಬಿಸಿಲು ಎಡಗಡೆ ಹೊಡೆಯುತ್ತದೆ.

ದೊಡ್ಡ ಸೂಟ್‌ಕೇಸ್ ಬೇಡ. ಜೆಟ್ಟಿ ಮತ್ತು ಬೋಟಿನ ಮಧ್ಯೆ ಒಂದು ಹೆಜ್ಜೆ ನೀರು ದಾಟಬೇಕು. ನಮ್ಮ ಟ್ರಾಲಿಯನ್ನು ಲಸ್ಕರ್ (ಬೋಟಿನ ಕೆಲಸಗಾರ) ಒಬ್ಬರು ಕೈಯಾರೆ ಎತ್ತಿಕೊಂಡರು, ಅಮ್ಮನ ಕೈಯನ್ನೂ ಹಿಡಿದರು. ಹತ್ತುವ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ, ನೀರಿನ ಬಾಟಲಿ ಇಟ್ಟುಕೊಳ್ಳಿ.

ಪುನ್ನಮಡ ಬಂದಾಗ ಸಾಲುಸಾಲು ಹೌಸ್‌ಬೋಟುಗಳು. ಆಲಪ್ಪುಳ ಜೆಟ್ಟಿಯಿಂದ ಬಸ್‌ಸ್ಟ್ಯಾಂಡ್ ನಡೆಯುವಷ್ಟೇ ದೂರ. ಅಮ್ಮ ಇಳಿದ ಕೂಡಲೇ ಕೇಳಿದ್ದು, ವಾಪಸ್ ಬೋಟು ನಾಳೆ ಎಷ್ಟು ಗಂಟೆಗೆ ಅಂತ.